ತತ್ತ್ವಪದಗಳ ಗೂಢಸಂಜ್ಞೆಗಳು: ಷರೀಫರ ಅಪ್ರಚುರ ಪದಗಳ ನೆಲೆಯಲ್ಲಿ

ಶರಣರ ಸ್ವರವಚನಗಳಿಂದ ಗೇಯಗುಣವನ್ನೂ ಬೆಡಗಿನ ವಚನಗಳಿಂದ ಗೂಢೋಕ್ತಿಯನ್ನೂ ಪಡೆದು ಬೆಳೆದುದು ತತ್ತ್ವಪದ ಸಾಹಿತ್ಯ. ಸರ್ಪಭೂಷಣ ಶಿವಯೋಗಿಗಳು, ಕಡಕೋಳದ ಮಡಿವಾಳಪ್ಪನವರು, ಶಿಶುನಾಳ ಷರೀಫರು ಮೊದಲಾದ ಅನುಭಾವಿಗಳು ಈ ಪರಂಪರೆಯನ್ನು ಪುಷ್ಟಿಗೊಳಿಸಿದರು. ಇವುಗಳಲ್ಲಿ ಜನಪ್ರಿಯವಾದವು ಕೆಲವೇ. ಭಜನಾ ಮೇಳಗಳ ನಿಷ್ಠಾವಂತರ ಕಂಠದಲ್ಲಷ್ಟೇ ಉಳಿದವು ಹಲವು.

ಷರೀಫರನ್ನೇ (1819–1889) ಉದಾಹರಣೆಗೆ ತೆಗೆದುಕೊಳ್ಳಬಹುದು. ಸಿ. ಅಶ್ವತ್ಥರ ಗಾಯನದಿಂದಲೂ 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ಚಲನಚಿತ್ರದಿಂದಲೂ ಅವರ ಹೆಸರು ನಾಡಿನ ಮನೆಮನೆಗೆ ಮುಟ್ಟಿತು. ಆದರೆ ಅವರು ಹಾಡಿದ ನೂರಾರು ಪದಗಳಲ್ಲಿ ಹೀಗೆ ಪ್ರಚಾರಕ್ಕೆ ಬಂದವು ಅತ್ಯಲ್ಪ. ಉಳಿದವು ಹಿಂದೆ ಬೀಳಲು ಅವುಗಳೊಳಗಿನ ಸಂಜ್ಞೆಗಳು ಇಂದಿನ ಕೇಳುಗರಿಗೆ ಅಪರಿಚಿತವಾದುದು ಒಂದು ಮುಖ್ಯ ಕಾರಣ.

ಮೊದಲಿಗೆ ಹೆಸರುಗಳನ್ನೇ ನೋಡೋಣ. ಷರೀಫರ ಅಂಕಿತದಲ್ಲಿ ಬರುವ 'ಶಿಶುನಾಳಧೀಶ' ಕವಿಯ ಬಿರುದಲ್ಲ. ಆ ಊರಿನ ಅಧಿದೈವವಾದ ಬಸವಣ್ಣನ ನಾಮ. ಅಂತೆಯೇ 'ಗೋವಿಂದ' ಎಂದೊಡನೆ ವಿಷ್ಣುವನ್ನು ನೆನೆಯುವವರುಂಟು. ಷರೀಫರಲ್ಲಿ ಆ ಪದ ಪ್ರಾಯಶಃ ಸೂಚಿಸುವುದು ಕಳಸದ ಗೋವಿಂದಭಟ್ಟರೆಂಬ ಅವರ ಗುರುವನ್ನು. ಈ ಒಂದು ಸಂಗತಿ ತಿಳಿಯದಿದ್ದರೆ ಗುರುಸ್ತುತಿಯು ದೇವತಾಸ್ತುತಿಯಾಗಿ ಪರಿಣಮಿಸುತ್ತದೆ.

ಸಂಖ್ಯೆಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಮೂರೆಂದರೆ ತ್ರಿಗುಣವೂ ಆಗಬಹುದು, ಮಲತ್ರಯವೂ ಆಗಬಹುದು. ಒಂಬತ್ತೆಂದರೆ ಸಾಮಾನ್ಯವಾಗಿ ದೇಹದ ನವದ್ವಾರಗಳು. ಆರೆಂಬುದು ಏರುವ ಮೆಟ್ಟಿಲಾಗಿ ಬಂದಲ್ಲಿ ಭಕ್ತನಿಂದ ಐಕ್ಯನವರೆಗಿನ ಷಟ್‌ಸ್ಥಲವನ್ನೋ ಯೋಗಮಾರ್ಗದ ಷಟ್‌ಚಕ್ರಗಳನ್ನೋ ಸೂಚಿಸೀತು. ಗೆಲ್ಲಬೇಕಾದ ಶತ್ರುವಾಗಿ ಬಂದಲ್ಲಿ ಅದು ಅರಿಷಡ್ವರ್ಗ. ಆದುದರಿಂದ ಸಂಖ್ಯೆಗೆ ಅರ್ಥವನ್ನು ಕೊಡುವುದು ಕೋಶವಲ್ಲ, ಸಂದರ್ಭ.

ಈ ಮಾತಿನ ಮಹತ್ತ್ವ ಷರೀಫರ ರಿವಾಯತ ಪದಗಳಲ್ಲಿ ಸ್ಪಷ್ಟವಾಗುತ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಸ್ಮರಣೆಗಾಗಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ದಿನಗಳಂದು ಎಲ್ಲ ಮತದವರೂ ಕೂಡಿ ಹಾಡುವ ಪದಗಳಿವು. ಇಲ್ಲಿ ಐದೆಂದು ಬಂದೊಡನೆ ಪಂಚಭೂತ, ಪಂಚೇಂದ್ರಿಯಗಳೆಂದು ನಿರ್ಧರಿಸಲಾಗದು. ಪ್ರವಾದಿ ಮಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರನ್ನು ಆ ಪರಂಪರೆ ಒಟ್ಟಾಗಿ ಸ್ಮರಿಸುತ್ತದೆ. ಮೊಹರಂ ಮೆರವಣಿಗೆಯ ಪಂಜಾದ ಐದು ಬೆರಳುಗಳನ್ನೂ ಈ ಐವರ ಸಂಕೇತವೆಂದು ಬಗೆಯುವುದುಂಟು. ಶಿವಾನುಭವದ ಪರಿಭಾಷೆಯೊಂದನ್ನೇ ಬಲ್ಲವನಿಗೆ ಈ ಪದಗಳು ಅರ್ಧ ಮಾತ್ರ ತೆರೆಯುತ್ತವೆ. ಅದನ್ನು ಬಿಟ್ಟವನಿಗೂ ಅಷ್ಟೇ. ಎರಡನ್ನೂ ಒಂದೇ ಉಸಿರಿನಲ್ಲಿ ಆಡಿದುದು ಷರೀಫರ ಹಿರಿಮೆ.

ಗಿರಣಿಯನ್ನು ಕುರಿತ ಅವರ ಪದವೊಂದುಂಟು. ಅಂದಿಗೆ ಹೊಸದಾಗಿ ಬಂದ ಯಂತ್ರವನ್ನೂ ಅವರು ತತ್ತ್ವಕ್ಕೆ ವಸ್ತುವಾಗಿಸಿಕೊಂಡರು. ಇಂತಹ ಪದಗಳಲ್ಲಿ ಶಾಸ್ತ್ರಜ್ಞಾನದಷ್ಟೇ ವಸ್ತುಜ್ಞಾನವೂ ಅವಶ್ಯಕ. ಬಳಕೆ ತಪ್ಪಿದ ಉಪಕರಣದೊಡನೆ ಅದರ ಹೆಸರೂ, ಹೆಸರಿನೊಡನೆ ರೂಪಕವೂ ಮರೆಯಾಗುತ್ತವೆ.

ಇಲ್ಲಿಯೇ ಸಂಪಾದಕನ ಹೊಣೆ ಬರುತ್ತದೆ. ಅರ್ಥವಾಗದ ಶಬ್ದವನ್ನು ತಿಳಿದ ಶಬ್ದಕ್ಕೆ ತಿದ್ದುವ ಪ್ರವೃತ್ತಿ ಲಿಪಿಕಾರರಿಗೂ ಮುದ್ರಕರಿಗೂ ಸಹಜ. ಹಾಗೆ ತಿದ್ದಿದ ಪಾಠ ಸುಲಭವಾಗಿ ಓದಿಸಿಕೊಳ್ಳುತ್ತದೆ. ಆದರೆ ಬೀಗದೊಡನೆ ಕೀಲಿಯೂ ಕಳೆದುಹೋಗಿರುತ್ತದೆ. ಪಾಠಾಂತರಗಳಲ್ಲಿ ಕಠಿಣವಾದುದನ್ನು ಒಮ್ಮೆಗೇ ತಳ್ಳಿಹಾಕಬಾರದೆಂಬ ಗ್ರಂಥಸಂಪಾದನೆಯ ನಿಯಮ ಕಂಠಸ್ಥ ಸಾಹಿತ್ಯಕ್ಕೂ ಸಲ್ಲತಕ್ಕದ್ದು.

ಏಕತಾರಿ ಹಿಡಿದು ಹಾಡುವ ಹಿರಿಯರು ಪದದ ನಡುವೆ ನಿಲ್ಲಿಸಿ ಅರ್ಥ ಹೇಳುವುದುಂಟು. ಹಾಡನ್ನು ಬರೆದುಕೊಂಡವರು ಈ ಅರ್ಥವನ್ನು ಬಿಟ್ಟುಬಿಡುವುದೇ ಹೆಚ್ಚು. ಪದದೊಡನೆ ಅದರ ವ್ಯಾಖ್ಯಾನ, ಹಾಡುವ ಸಂದರ್ಭ, ಧಾಟಿ ಇವುಗಳನ್ನೂ ದಾಖಲಿಸಬೇಕು. ಇಬ್ಬರು ಭಿನ್ನಾರ್ಥ ಹೇಳಿದರೆ ಎರಡನ್ನೂ ಉಳಿಸಬೇಕು. ಪದವನ್ನು ಮುದ್ರಣ ಕಾಪಾಡೀತು. ಆದರೆ ಅದರ ಅರ್ಥ ಇಂದಿಗೂ ಹಾಡುವವರ ಬಾಯಲ್ಲಿದೆ. ಅವರು ಇರುವಾಗಲೇ ಕೇಳಿಕೊಳ್ಳುವುದು ಜಿಜ್ಞಾಸುಗಳ ಕರ್ತವ್ಯ.