ನಗುನಗುತ್ತಾ ಬರುವ ಕತ್ತಲೆ

ಆರ್ಥರ್ ದೊರೆ ಎಂದರೆ ಕಲ್ಲಿನಿಂದ ಕತ್ತಿ ಕಿತ್ತ ಹುಡುಗ, ದುಂಡು ಮೇಜಿನ ವೀರರು, ಮಾಂತ್ರಿಕ ಮರ್ಲಿನ್ ನೆನಪಾಗುತ್ತಾರೆ. ಇಂಗ್ಲೆಂಡಿನ ಸೂಸನ್ ಕೂಪರ್ ಅದೇ ಎಳೆ ಹಿಡಿದು 1965ರಲ್ಲಿ ‘ಓವರ್ ಸೀ, ಅಂಡರ್ ಸ್ಟೋನ್’ ಎಂಬ ಮಕ್ಕಳ ಕಾದಂಬರಿ ಬರೆದರು. ಇದರಲ್ಲಿ ಕುದುರೆಯೇರಿದ ವೀರರಿಲ್ಲ. ರಜೆಗೆಂದು ರೈಲಿಳಿದು ಬಂದ ಸೈಮನ್, ಜೇನ್, ಬಾರ್ನಿ ಎಂಬ ಮೂವರು ಮಕ್ಕಳಿದ್ದಾರೆ.

ಊರು ಟ್ರೆವಿಸಿಕ್, ಕಾರ್ನ್‌ವಾಲ್ ಕರಾವಳಿಯ ಮೀನುಗಾರರ ಬಂದರು. ಹೆಸರು ಕಲ್ಪನೆಯದು. ಲೇಖಕಿ ಬಾಲ್ಯದಲ್ಲಿ ರಜೆ ಕಳೆದ ಮೆವಗಿಸ್ಸಿ ಎಂಬ ಊರೇ ಅದಕ್ಕೆ ಮಾದರಿ. ಹೊರಗೆ ಮಳೆ. ಆಡಲು ಅಟ್ಟ ಹತ್ತಿದ ಮಕ್ಕಳಲ್ಲಿ ಕಿರಿಯವ ಬಾರ್ನಿ ಸೇಬು ತಿಂದು ದಿಂಡನ್ನು ಎಸೆಯುತ್ತಾನೆ. ಅದು ಉರುಳಿ ನೆಲದ ಸಂದಿಗೆ ಬೀಳುತ್ತದೆ. ಹುಡುಕಲು ಕೈ ಹಾಕಿದರೆ ಸಿಗುವುದು ಸುರುಳಿ ಸುತ್ತಿದ ಪುರಾತನ ಹಾಳೆ, ಅದರಲ್ಲೊಂದು ನಕ್ಷೆ! ಆರ್ಥರನ ಕಥೆಗಳ ಹುಚ್ಚಿನ ಬಾರ್ನಿಗೆ ಅರ್ಥವಾಗದ ಬರಹದ ನಡುವೆ ಆರ್ಥರನ ಹೆಸರು ಕಾಣುತ್ತದೆ. ಅದು ಪವಿತ್ರ ಬಟ್ಟಲೊಂದನ್ನು ಬಚ್ಚಿಟ್ಟ ಜಾಗದ ಗುಟ್ಟು. ಮುಂದೆ ಕಡಲು ಇಳಿದಾಗ ಮಾತ್ರ ಬಾಯಿ ತೆರೆಯುವ ಗುಹೆ, ಮರಳಿ ಏರುವ ನೀರು... ಉಳಿದದ್ದನ್ನು ಓದಿಯೇ ತಿಳಿಯಬೇಕು.

ನನಗೆ ಹಿಡಿಸಿದ್ದು ಇಲ್ಲಿನ ವೈರಿಗಳು. ಅವರಿಗೆ ಕೋರೆಹಲ್ಲಿಲ್ಲ. ಸೊಗಸಾದ ದೋಣಿಗೆ ಕರೆಯುವ ಅಣ್ಣ ತಂಗಿ, ಮೆಲುದನಿಯಲ್ಲಿ ಮಾತಾಡಿಸುವ ಹಿರಿಯ. ಅಪ್ಪನಿಗೆ ಮೀನು ಹಿಡಿಯುವ ಸಂಭ್ರಮ, ಅಮ್ಮನಿಗೆ ಚಿತ್ರ ಬಿಡಿಸುವ ಗುಂಗು. ಅವರಿಗೆ ಏನೂ ತಿಳಿಯದು. ಓದಿ ಹೇಳುತ್ತಿದ್ದಾಗ ನನ್ನ ಮೊಮ್ಮಗಳು ತಡೆದು, “ಹಾಗಾದ್ರೆ ಯಾರನ್ನ ನಂಬೋದು ಅಜ್ಜಾ?” ಎಂದಳು. ಪುಟ ತಿರುಗಿಸಿದೆನೇ ಹೊರತು ಉತ್ತರ ಕೊಡಲಿಲ್ಲ. ಆ ಮಕ್ಕಳಿಗೂ ಯಾರೂ ಕೊಡುವುದಿಲ್ಲ.

1935ರಲ್ಲಿ ಹುಟ್ಟಿದ ಕೂಪರ್‌ಗೆ ಎರಡನೇ ಮಹಾಯುದ್ಧ ಶುರುವಾದಾಗ ನಾಲ್ಕು ವರ್ಷ. ಬಾಂಬು ಬೀಳುವ ರಾತ್ರಿಗಳಲ್ಲಿ ಬೆಳೆದ ಮಗು. ಕತ್ತಲೆ ಮತ್ತು ಬೆಳಕಿನ ಕಾಳಗವನ್ನು ಅವರು ಐದು ಪುಸ್ತಕಗಳಿಗೆ ಬೆಳೆಸಿ 1977ರಲ್ಲಿ ಮುಗಿಸಿದರು. ನಾಲ್ಕನೆಯದಾದ ‘ದ ಗ್ರೇ ಕಿಂಗ್’ಗೆ 1976ರಲ್ಲಿ ಅಮೆರಿಕದ ನ್ಯೂಬೆರಿ ಪದಕ ಬಂತು.

ಅಜ್ಜಂದಿರು ಗಮನಿಸಬೇಕಾದ ಪಾತ್ರವೊಂದಿದೆ: ಮಕ್ಕಳ ಚಿಕ್ಕಜ್ಜ. ಎತ್ತರದ ಆಳು, ಬಿಳಿಗೂದಲು. ವಯಸ್ಸೆಷ್ಟೋ, ನೆಂಟಸ್ತಿಕೆ ಹೇಗೋ, ಯಾರಿಗೂ ಗೊತ್ತಿಲ್ಲ. ಮಕ್ಕಳು ಹಾಳೆ ತೋರಿಸಿದಾಗ ಆತ ನಗುವುದಿಲ್ಲ, ಗದರುವುದಿಲ್ಲ. ದೊಡ್ಡವರೊಡನೆ ಮಾತಾಡುವಂತೆ ಮಾತಾಡುತ್ತಾನೆ. ಆದರೆ ಬೇಕಾದ ಹೊತ್ತಿಗೆಲ್ಲ ಪಕ್ಕದಲ್ಲಿರುವುದೂ ಇಲ್ಲ! ಹೆಸರು ಮೆರಿಮನ್ ಲಯನ್, ಮಕ್ಕಳ ಬಾಯಲ್ಲಿ ಮೆರ್ರಿ. ‘ಮೆರ್ರಿ ಲಯನ್’ ಎಂದು ನಾಲ್ಕು ಸಲ ಬೇಗ ಬೇಗ ಹೇಳಿ ನೋಡಿ. ಬಾರ್ನಿಗೆ ಹೊಳೆಯಲು ಕೊನೆಯ ಪುಟದವರೆಗೆ ಕಾಯಬೇಕಾಯಿತು.