ಬಿಸಿಲುನಾಡಿನ ಗೃಹಸ್ಥನಿಗೆ ಎಂತಹ ಇಂಜಿನು?

ಮನೆ ಕಟ್ಟುವುದು, ಮಕ್ಕಳ ಮದುವೆ ಮಾಡುವುದು ಇವೆರಡರ ತರುವಾಯ ನಮ್ಮ ಕುಟುಂಬಗಳಲ್ಲಿ ಅತ್ಯಧಿಕವಾಗಿ ದ್ರವ್ಯವನ್ನು ಬೇಡತಕ್ಕ ಕಾರ್ಯವೆಂದರೆ ಈಗ ಕಾರನ್ನು ಕೊಳ್ಳುವುದೇ ಆಗಿದೆ. ಐದಾರು ವರ್ಷಗಳ ಕಾಲ ಸಾಲದ ಕಂತನ್ನು ಹೊರಬೇಕಾದ ಈ ವ್ಯವಹಾರದಲ್ಲಿ ಬಹುಮಂದಿ ಗೃಹಸ್ಥರು ಬಣ್ಣವನ್ನೂ ಆಸನದ ಮೆತ್ತೆಯನ್ನೂ ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಇಂಜಿನನ್ನು ವಿಚಾರಿಸುವುದಿಲ್ಲ. ಮಾರುವವರು “ಟರ್ಬೋ ಬೇಕೋ, ಟರ್ಬೋ ಇಲ್ಲದ್ದು ಸಾಕೋ?” ಎಂದು ಕೇಳಿದಾಗ, ಹೆಚ್ಚು ಬೆಲೆಯದು ಹೆಚ್ಚು ಒಳ್ಳೆಯದಾಗಿರಬೇಕೆಂದು ಕೆಲವರೂ, ಕಡಮೆ ಬೆಲೆಯದೇ ಕ್ಷೇಮವೆಂದು ಕೆಲವರೂ ನಿಶ್ಚಯಿಸಿಬಿಡುತ್ತಾರೆ. ಕಲಬುರಗಿ, ರಾಯಚೂರು, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಬೇಸಗೆಯಲ್ಲಿ ನೆಳಲಿನಲ್ಲಿಯೇ ಉಷ್ಣತೆಯು ೪೦ ಡಿಗ್ರಿಯನ್ನು ದಾಟುವುದು ವಾಡಿಕೆಯಾಗಿದೆ. ಅಲ್ಲಿ ವಾಸಿಸತಕ್ಕವರು ಈ ವಿಷಯದಲ್ಲಿ ಸ್ವಲ್ಪ ಆಲೋಚಿಸಿಯೇ ಮುಂದುವರಿಯುವುದು ಲೇಸು.

ಮೊದಲು ಇಂಜಿನಿನ ಸ್ವರೂಪವನ್ನು ತಿಳಿಯೋಣ. ಒಲೆಯಲ್ಲಿ ಸೌದೆಯಿದ್ದರೆ ಸಾಲದು, ಗಾಳಿಯೂ ಬೇಕು. ಹಾಗೆಯೇ ಇಂಜಿನಿನಲ್ಲಿ ೧ ಭಾಗ ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ೧೪ರಿಂದ ೧೫ ಭಾಗ ಗಾಳಿಯು ಬೇಕು. ಆದುದರಿಂದ ಇಂಜಿನು ಎಷ್ಟು ಗಾಳಿಯನ್ನು ಸೇದಬಲ್ಲುದೋ ಅಷ್ಟೇ ಅದರ ಶಕ್ತಿ. ಪಿಸ್ಟನ್ನು ಕೆಳಗಿಳಿಯುವಾಗ ತಾನಾಗಿಯೇ ಒಳಸೇರುವ ಗಾಳಿಯಿಂದ ತೃಪ್ತಿಪಡುವ ಇಂಜಿನನ್ನು ನಾವು ಸಹಜಶ್ವಾಸದ ಇಂಜಿನು ಎನ್ನಬಹುದು. ಕಮ್ಮಾರನು ತಿದಿಯನ್ನು ಒತ್ತಿ ಕುಲುಮೆಗೆ ಗಾಳಿಯನ್ನು ನುಗ್ಗಿಸುವಂತೆ, ಬಲವಂತವಾಗಿ ಗಾಳಿಯನ್ನು ತುಂಬಿಸಿಕೊಳ್ಳುವುದು ಟರ್ಬೋ ಇಂಜಿನು. ಇಲ್ಲಿ ವಿಶೇಷವೇನೆಂದರೆ, ತಿದಿಯನ್ನು ಒತ್ತುವ ಕೈ ಇಂಜಿನಿನ ಹೊಗೆಯೇ ಆಗಿದೆ. ಹೊರಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಿಗೆ ಜೋಡಿಸಿದ ಇನ್ನೊಂದು ಚಕ್ರವು ಹೊಸ ಗಾಳಿಯನ್ನು ಒತ್ತಿ ಒಳಕ್ಕೆ ಕಳುಹಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಟರ್ಬೋ’ ಎಂದರೆ ಸುಂಟರಗಾಳಿ, ಬುಗುರಿ ಎಂದರ್ಥ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕು ಸುತ್ತು ತಿರುಗಬಲ್ಲ ಈ ಬುಗುರಿಗೆ ಆ ಹೆಸರು ಅನ್ವರ್ಥವಾಗಿದೆ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಇಂಜಿನಿಯರನು ಈ ಉಪಾಯಕ್ಕೆ ೧೯೦೫ರಲ್ಲಿ ಹಕ್ಕುಪತ್ರವನ್ನು ಪಡೆದನು. ಮೊದಲು ಹಡಗುಗಳಲ್ಲಿಯೂ ವಿಮಾನಗಳಲ್ಲಿಯೂ ಬಳಕೆಯಾದ ಇದು ೧೯೬೨ರಲ್ಲಿ ಅಮೆರಿಕದ ಎರಡು ಕಾರುಗಳಿಗೆ ಬಂದಿತು. ಅವುಗಳಲ್ಲಿ ಒಂದಾದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನ ವೃತ್ತಾಂತವು ನಮಗೆ ಬೋಧಪ್ರದವಾಗಿದೆ. ಒತ್ತಿದ ಗಾಳಿಯ ಕಾವನ್ನು ತಗ್ಗಿಸುವ ಸಲುವಾಗಿ ನೀರನ್ನೂ ಮೆಥನಾಲನ್ನೂ ಬೆರೆಸಿದ ದ್ರವವನ್ನು ಆ ಇಂಜಿನಿಗೆ ಸಿಂಪಡಿಸಬೇಕಾಗಿತ್ತು. ದ್ರವವನ್ನು ತುಂಬಲು ಒಡೆಯರು ಮರೆಯುತ್ತಿದ್ದರು. ಎರಡು ವರ್ಷಗಳೊಳಗೆ ಆ ಮಾದರಿಯೇ ನಿಂತುಹೋಯಿತು. ಟರ್ಬೋವಿನ ನಿಜವಾದ ಶತ್ರುವು ಕಾವು ಎಂಬುದು ಅಂದಿನಿಂದಲೂ ತಿಳಿದ ಸಂಗತಿಯೇ ಸರಿ.

ಇನ್ನು ಬಿಸಿಲು ಈ ಎರಡು ಬಗೆಯ ಇಂಜಿನುಗಳಿಗೂ ಏನು ಮಾಡುತ್ತದೆಂಬುದನ್ನು ನೋಡುವ. ಸಮುದ್ರಮಟ್ಟದಲ್ಲಿ ೧೫ ಡಿಗ್ರಿ ಉಷ್ಣತೆಯಿರುವಾಗ ೧ ಘನ ಮೀಟರು ಗಾಳಿಯು ಸುಮಾರು ೧,೨೨೫ ಗ್ರಾಮು ತೂಗುತ್ತದೆ. ೪೫ ಡಿಗ್ರಿಯಲ್ಲಿ ಅದೇ ಗಾಳಿಯು ಹಿಗ್ಗಿ ೧,೧೧೦ ಗ್ರಾಮಿಗೆ ಇಳಿಯುತ್ತದೆ. ಅಂದರೆ ನೂರಕ್ಕೆ ಸುಮಾರು ೯ ಭಾಗ ನಷ್ಟವಾಯಿತು. ಸಹಜಶ್ವಾಸದ ಇಂಜಿನಿಗೆ ಈ ನಷ್ಟವನ್ನು ತುಂಬಿಕೊಳ್ಳುವ ಉಪಾಯವಿಲ್ಲ. ಅದು ಸ್ವಲ್ಪ ಬಲಗುಂದಿ, ತನ್ನ ಪಾಡಿಗೆ ತಾನು ನಡೆಯುತ್ತದೆ.

ಟರ್ಬೋ ಇಂಜಿನಾದರೋ ಬುಗುರಿಯನ್ನು ಇನ್ನಷ್ಟು ಬೀಸಾಗಿ ತಿರುಗಿಸಿ ನಷ್ಟವನ್ನು ತುಂಬಲು ಯತ್ನಿಸುತ್ತದೆ. ಆದರೆ ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಬಲ್ಲರು: ಒತ್ತಿದ ಗಾಳಿಯು ಬಿಸಿಯಾಗುತ್ತದೆ, ಪಂಪಿನ ಬುಡವು ಕೈಯನ್ನು ಸುಡುತ್ತದೆ. ೨೫ ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ, ಚಕ್ರದ ದಕ್ಷತೆಯನ್ನು ನೂರಕ್ಕೆ ೭೦ ಎಂದು ಹಿಡಿದು ಲೆಕ್ಕಹಾಕಿದಲ್ಲಿ, ಅದು ಸುಮಾರು ೧೧೮ ಡಿಗ್ರಿಗೆ ಏರುತ್ತದೆ. ೪೫ ಡಿಗ್ರಿಯಿಂದಲೇ ಆರಂಭಿಸಿದರೆ ಸುಮಾರು ೧೪೫ ಡಿಗ್ರಿಯಾಗುತ್ತದೆ. ಈ ಗಾಳಿಯನ್ನು ತಣಿಸುವುದಕ್ಕಾಗಿಯೇ ಇಂಟರ್‌ಕೂಲರ್ ಎಂಬ ಸಾಧನವಿದೆ. ಆದರೆ ಹೊರಗಿನ ಗಾಳಿಯಿಂದಲೇ ತಣಿಸಬೇಕಾದುದರಿಂದ, ಅದು ಎಷ್ಟು ಶ್ರಮಿಸಿದರೂ ಹೊರಗಿನ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಒಳಸೇರುವ ಗಾಳಿಯು ಅತಿಯಾಗಿ ಬಿಸಿಯಾಗಿದ್ದರೆ ಪೆಟ್ರೋಲು ಹದವರಿತು ಉರಿಯದೆ, ಕೊನೆಯ ಭಾಗವು ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವುದು ಇದನ್ನೇ. ಇದು ಪಿಸ್ಟನ್ನಿಗೆ ಹಾನಿಕರ. ಈಗಿನ ಇಂಜಿನುಗಳಲ್ಲಿ ಇದನ್ನು ಗ್ರಹಿಸುವ ಯಂತ್ರವಿದ್ದು, ಕಿಡಿಯನ್ನು ತುಸು ತಡಮಾಡಿ ಅಪಾಯವನ್ನು ತಪ್ಪಿಸುತ್ತದೆ. ಇಂಜಿನು ಉಳಿಯುತ್ತದೆ, ಬಲವು ಕುಂದುತ್ತದೆ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಡೀಸೆಲಿಗೆ ಕಿಡಿಯ ಗೊಡವೆಯಿಲ್ಲ. ಈ ಬಾಧೆಯೂ ಇಲ್ಲ. ನಮ್ಮಲ್ಲಿ ಇಂದು ಮಾರುವ ಹೊಸ ಡೀಸೆಲು ಕಾರುಗಳೆಲ್ಲವೂ ಟರ್ಬೋವಿನವೇ ಆದುದರಿಂದ, ಆಯ್ಕೆಯ ಪ್ರಶ್ನೆಯು ಪೆಟ್ರೋಲು ಕಾರಿಗೆ ಮಾತ್ರ ಸಂಬಂಧಿಸಿದುದು.

ಹಾಗಾದರೆ ಬಿಸಿಲುನಾಡಿನಲ್ಲಿ ಟರ್ಬೋ ಬಲಹೀನವೇ? ಅಲ್ಲ. ೨೦೧೯ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಹ್ಯುಂಡೈ ವೆನ್ಯೂ ಕಾರನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಸಹಜಶ್ವಾಸದ ೧.೨ ಲೀಟರಿನ ಇಂಜಿನಿಗೆ ೮೩ ಅಶ್ವಶಕ್ತಿಯೂ, ೧ ಲೀಟರಿನ ಟರ್ಬೋ ಇಂಜಿನಿಗೆ ೧೨೦ ಅಶ್ವಶಕ್ತಿಯೂ ಇದ್ದಿತು. ಎರಡೂ ಬಿಸಿಲಿಗೆ ಹತ್ತನೆಯ ಒಂದು ಪಾಲನ್ನು ತೆತ್ತರೂ ಟರ್ಬೋವೇ ಮುಂದಾಗಿ ಉಳಿಯುವುದು. ಆದುದರಿಂದ ವಿಚಾರಿಸಬೇಕಾದುದು ‘ಯಾವುದಕ್ಕೆ ಬಲ ಹೆಚ್ಚು’ ಎಂಬುದನ್ನಲ್ಲ. ‘ನನ್ನ ದಾರಿಗೆ ಆ ಬಲವು ಬೇಕೇ, ಅದರ ಪಾಲನೆಯು ನನ್ನಿಂದ ಸಾಧ್ಯವೇ’ ಎಂಬುದನ್ನು.

ಎತ್ತರದ ಊರುಗಳ ಲೆಕ್ಕವೇ ಬೇರೆ. ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವು ಸಮುದ್ರತೀರಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆ. ಬಿಸಿಲು ಕಸಿದುಕೊಂಡಷ್ಟನ್ನೇ ಅಲ್ಲಿ ಎತ್ತರವು ಕಸಿದುಕೊಳ್ಳುತ್ತದೆ. ಆದರೆ ಅಲ್ಲಿಯ ಗಾಳಿಯು ತಂಪಾದುದರಿಂದ, ಟರ್ಬೋ ಆ ನಷ್ಟವನ್ನು ಹೆಚ್ಚು ಬಾಧೆಯಿಲ್ಲದೆ ತುಂಬಿಕೊಡುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ತುಂಬಿದ ಕಾರಿನಲ್ಲಿ ಪದೇ ಪದೇ ಹತ್ತುವವರಿಗೂ ಅದು ಉಪಕಾರಿಯೇ.

ಇದಕ್ಕೆ ವಿರುದ್ಧವಾಗಿ, ಪೇಟೆಯ ಬೀದಿಗಳಲ್ಲಿ ಆಮೆಯ ನಡೆಯಲ್ಲಿ ಸಾಗುವಾಗ ಹೊಗೆಯ ವೇಗವು ಸಾಲದೆ ಬುಗುರಿಯು ಸರಿಯಾಗಿ ತಿರುಗುವುದಿಲ್ಲ. ಆಗ ೧ ಲೀಟರಿನ ಟರ್ಬೋ ಇಂಜಿನು ಕೇವಲ ೧ ಲೀಟರಿನ ಸಣ್ಣ ಇಂಜಿನೇ. ಬೇಸಗೆಯಲ್ಲಿ ಎ.ಸಿ.ಯ ಭಾರವೂ ಅದರ ತಲೆಯ ಮೇಲೆ ಬೀಳುತ್ತದೆ. ಕಾರು ನಿಂತೂ ನಿಂತೂ ಸಾಗುವುದರಿಂದ ಇಂಟರ್‌ಕೂಲರಿಗೆ ಗಾಳಿಯೂ ಬಡಿಯುವುದಿಲ್ಲ.

ಪಾಲನೆಯ ವಿಷಯದಲ್ಲಿಯೂ ಭೇದವುಂಟು. ಭಾರವಾದ ಓಟದಲ್ಲಿ ಪೆಟ್ರೋಲು ಇಂಜಿನಿನ ಹೊಗೆಯು ೯೦೦ ಡಿಗ್ರಿಯ ಸಮೀಪಕ್ಕೆ ಏರಬಲ್ಲುದು. ಅದರ ಮಗ್ಗುಲಲ್ಲೇ ತಿರುಗುವ ದಂಡಿಗೆ ಇಂಜಿನಿನ ಎಣ್ಣೆಯೇ ಆಧಾರ. ಎಣ್ಣೆಯು ಹಳಸಿದರೆ ಅಲ್ಲಿ ಸುಟ್ಟು ಕರಿಯಾಗಿ ಕಟ್ಟಿಕೊಳ್ಳುತ್ತದೆ. ಆದಕಾರಣ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹೇಳಿದ ಗಡುವಿಗೆ ಸರಿಯಾಗಿ, ಧೂಳೂ ಬಿಸಿಲೂ ವಿಶೇಷವಾಗಿದ್ದಲ್ಲಿ ಗಡುವಿಗೆ ಮುಂಚೆಯೇ, ಬದಲಾಯಿಸತಕ್ಕದ್ದು. ಘಾಟಿಯನ್ನು ಹತ್ತಿದ ಮೇಲೆ ಅಥವಾ ಹೆದ್ದಾರಿಯ ಓಟದ ಬಳಿಕ ಒಂದು ನಿಮಿಷ ಇಂಜಿನನ್ನು ಹಾಗೆಯೇ ಮೆಲ್ಲಗೆ ನಡೆಯಗೊಟ್ಟು ಅನಂತರ ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಗಾಳಿಯ ಫಿಲ್ಟರನ್ನು ನಿರ್ಲಕ್ಷಿಸಿದರೆ ಧೂಳಿನ ಕಣಗಳು ಚಕ್ರದ ರೆಕ್ಕೆಗಳನ್ನು ಸವೆಸುತ್ತವೆ. ರೇಡಿಯೇಟರು, ಇಂಟರ್‌ಕೂಲರುಗಳ ಮುಂಭಾಗದಲ್ಲಿ ಹತ್ತಿಯ ಎಳೆ, ಹೊಟ್ಟು, ಕೆಸರು ಸೇರದಂತೆ ನೋಡಿಕೊಳ್ಳಬೇಕು. ಸಹಜಶ್ವಾಸದ ಇಂಜಿನಿಗೂ ಇವೆಲ್ಲ ಹಿತವೇ. ಆದರೆ ಅದು ಅಲ್ಪಸ್ವಲ್ಪ ಅಲಕ್ಷ್ಯವನ್ನು ಕ್ಷಮಿಸುತ್ತದೆ, ಟರ್ಬೋ ಅಷ್ಟಾಗಿ ಕ್ಷಮಿಸದು.

ನನ್ನಲ್ಲಿ ಓದಿದ ಶಿಷ್ಯನೊಬ್ಬನು ಸಿಂಧನೂರಿನ ಕಡೆ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ತಾಯಿಗೆ ಮೂತ್ರಪಿಂಡದ ವ್ಯಾಧಿ. ವಾರಕ್ಕೆ ಎರಡು ಸಲ ಆಕೆಯನ್ನು ಡಯಾಲಿಸಿಸಿಗಾಗಿ ರಾಯಚೂರಿಗೆ ಕರೆದೊಯ್ಯಬೇಕು. “ಗುರುಗಳೇ, ದುಡ್ಡಿಗೆ ಹೇಗೋ ಒದಗಿಸಿಕೊಂಡೇನು, ಆ ದಿನ ಗಾಡಿ ಮಾತ್ರ ಕೈಕೊಡಬಾರದು. ಯಾವುದು ಕೊಳ್ಳಲಿ?” ಎಂದು ಅವನು ಕೇಳಿದನು. ಅವನ ದಾರಿಯು ಬಯಲುನಾಡಿನದು, ಘಾಟಿಯಿಲ್ಲ. ಕುಳಿತುಕೊಳ್ಳುವವರು ಮೂವರು. ಊರು ಧೂಳಿನದು. ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಸರ್ವೀಸಿನ ದಿನವನ್ನು ಅವನು ಮುಂದೂಡದೆ ಇರಲಾರ. “ಅಪ್ಪಾ, ನಿನಗೆ ಬೇಕಾದುದು ವೇಗವಲ್ಲ, ನಂಬಿಕೆ. ಸಹಜಶ್ವಾಸದ್ದನ್ನೇ ಕೊಂಡುಕೋ. ಬೆಲೆಯಲ್ಲಿ ಉಳಿದ ಹಣದಲ್ಲಿ ಗಾಡಿಗೊಂದು ನೆರಳಿನ ಚಪ್ಪರ ಹಾಕಿಸು. ತಾಯಿಯವರು ಕಾದ ಗಾಡಿಯೊಳಗೆ ಕೂಡುವುದು ತಪ್ಪುತ್ತದೆ” ಎಂದೆನು. ಅದೇ ತಿಂಗಳಲ್ಲಿ ನನ್ನನ್ನು ವಿಚಾರಿಸಿದ ಇನ್ನೊಬ್ಬ ಬಂಧುವು ಹಾಸನದವರು. ಐವರ ಸಂಸಾರದೊಡನೆ ತಿಂಗಳಿಗೆರಡು ಬಾರಿ ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗಿಬರುವವರು. ಎಣ್ಣೆ ಬದಲಾಯಿಸುವ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳುವ ಸ್ವಭಾವದವರು. ಅವರಿಗೆ ನಾನು ಟರ್ಬೋವನ್ನೇ ಹೇಳಿದೆನು.

ಕೊಳ್ಳುವ ಮೊದಲು ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಮಾರುವವರು ಬೆಳಗಿನ ತಂಪು ಹೊತ್ತಿನಲ್ಲಿ, ಒಬ್ಬರನ್ನೇ ಕೂರಿಸಿಕೊಂಡು ಓಡಿಸಿ ತೋರಿಸುವುದುಂಟು. ಅದಕ್ಕೆ ಒಪ್ಪಬಾರದು. ಮಧ್ಯಾಹ್ನ ಎರಡು ಮೂರು ಗಂಟೆಯ ಬಿಸಿಲಿನಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಎ.ಸಿ.ಯನ್ನು ಪೂರ್ಣವಾಗಿ ಹಾಕಿ, ಎರಡು ಇಂಜಿನುಗಳನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಬೇಕು. ಒಂದು ಲಾರಿಯನ್ನು ನಿರಾತಂಕವಾಗಿ ಹಿಂದಿಕ್ಕಲು ಎಷ್ಟು ಹೊತ್ತಾಗುವುದೆಂದು ಗಮನಿಸಬೇಕು. ಹಿಂದಿಕ್ಕುವಾಗ ಬಲವು ಸಾಲದೆ ಹೋದರೆ ಪ್ರಾಣಕ್ಕೇ ಕುತ್ತು. ಈ ಒಂದು ವಿಷಯದಲ್ಲಿ ಜಿಪುಣತನವು ಸಲ್ಲದು. ಜೊತೆಗೆ, ಟರ್ಬೋವನ್ನು ಬಲ್ಲ ಮೆಕ್ಯಾನಿಕ್ಕು ತಮ್ಮ ತಾಲ್ಲೂಕಿನಲ್ಲಿರುವನೇ, ವಾರಂಟಿಯು ಎಷ್ಟು ವರ್ಷಗಳದು ಎಂಬುದನ್ನೂ ಬರೆಹದಲ್ಲಿ ಕೇಳಿ ತಿಳಿಯಬೇಕು.

ಸಂಕ್ಷೇಪವಾಗಿ ಹೇಳುವುದಾದರೆ, ಬಯಲುದಾರಿ, ಹಗುರವಾದ ಹೊರೆ, ಪೇಟೆಯ ಓಡಾಟ, ಪಾಲನೆಗೆ ಬಿಡುವಿಲ್ಲದ ಬಾಳುವೆ ಇವುಗಳಿದ್ದವರಿಗೆ ಸಹಜಶ್ವಾಸದ ಇಂಜಿನೇ ಸಾಕು. ಘಾಟಿ, ಎತ್ತರದ ಊರು, ತುಂಬಿದ ಕಾರಿನ ದೂರಪ್ರಯಾಣ, ಜೊತೆಗೆ ಶಿಸ್ತಿನ ಪಾಲನೆ ಇವುಗಳಿದ್ದವರಿಗೆ ಟರ್ಬೋ ಸಾರ್ಥಕವಾಗುವುದು. ನೆರೆಯವನು ಏನನ್ನು ಕೊಂಡನೆಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಸೇರತಕ್ಕದ್ದಲ್ಲ.