ಫೈಬ್ರೋಮಯಾಲ್ಜಿಯಾ: ವರದಿಯಲ್ಲಿ ಕಾಣದ ನೋವು

ಹೈದರಾಬಾದಿನ ಪಂಜಗುಟ್ಟದಲ್ಲಿರುವ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯು ಒಂದು ಕಾಲಕ್ಕೆ ನಿಜಾಮರ ಮೂಳೆ ಆಸ್ಪತ್ರೆಯೆಂದೇ ಹೆಸರಾಗಿತ್ತು. ಈಗ ಅಲ್ಲಿ ಸಂಧಿವಾತ ರೋಗಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಆದುದರಿಂದ ಊರಿನ ವೈದ್ಯರಿಂದ ಗುಣ ಕಾಣದಿದ್ದಾಗ ಹಳೆಯ ವರದಿಗಳ ಚೀಲ ಹಿಡಿದು ಈ ನಗರದ ಆಸ್ಪತ್ರೆಗಳಿಗೆ ಬರುವುದು ಅವರಲ್ಲಿ ರೂಢಿಯಾಗಿದೆ.

ಹಾಗೆ ಬರುವವರಲ್ಲಿ ಕೆಲವರ ತೊಂದರೆ ಒಂದು ವಿಶಿಷ್ಟ ತೆರನಾದುದು. ಕುತ್ತಿಗೆ, ಭುಜ, ಬೆನ್ನು, ಸೊಂಟ, ತೊಡೆ ಎಲ್ಲೆಡೆ ನೋವು. ರಾತ್ರಿಯೆಲ್ಲ ಮಲಗಿದ್ದರೂ ಬೆಳಗ್ಗೆ ಏಳುವಾಗ ಹೊಲದಲ್ಲಿ ದುಡಿದು ಬಂದಷ್ಟು ಆಯಾಸ. ಮಾಡುತ್ತಿದ್ದ ಕೆಲಸ ನಡುವೆಯೇ ಮರೆತುಹೋಗುವುದೂ ಉಂಟು. ಆದರೆ ರಕ್ತಪರೀಕ್ಷೆ ಸರಿಯಾಗಿದೆ, ಎಕ್ಸ್-ರೇ ಸರಿಯಾಗಿದೆ, ಸಾವಿರಾರು ರೂಪಾಯಿ ತೆತ್ತು ಮಾಡಿಸಿದ ಸ್ಕ್ಯಾನೂ ಸರಿಯಾಗಿದೆ. ‘ರಿಪೋರ್ಟ್ ನಾರ್ಮಲ್’ ಎಂಬ ಮಾತು ಕೇಳಿ ಮನೆಯವರಿಗೆ ಸಮಾಧಾನವಾಗುತ್ತದೆ. ರೋಗಿಗೆ ಮಾತ್ರ ಅದು ತನ್ನ ಮೇಲೆ ಹೊರಿಸಿದ ಸುಳ್ಳಿನ ಆರೋಪದಂತೆ ಕೇಳಿಸುತ್ತದೆ. ಹಿಂದಿನವರು ಇಂಥ ನೋವನ್ನು ‘ವಾಯು’ ಎಂದು ಕರೆದು ಸುಮ್ಮನಾಗುತ್ತಿದ್ದರು. ಆ ವಿವರಣೆ ಎಷ್ಟರಮಟ್ಟಿಗೆ ಸರಿಯೋ ಬೇರೆ ಮಾತು, ನರಳುವವರ ಮಾತನ್ನು ಮನೆಯಲ್ಲಿ ನಂಬುತ್ತಿದ್ದರೆಂಬುದು ದೊಡ್ಡ ಸಂಗತಿ.

ಈ ತೊಂದರೆಗೆ ಫೈಬ್ರೋಮಯಾಲ್ಜಿಯಾ ಎಂದು ಹೆಸರು. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. 1904ರಲ್ಲಿ ಬ್ರಿಟನ್ನಿನ ವೈದ್ಯ ವಿಲಿಯಂ ಗೋವರ್ಸ್ ಅವರು ಸ್ನಾಯುಗಳ ನಾರಿನಂಥ ಅಂಗಾಂಶದಲ್ಲಿ ಉರಿಯೂತವಿದೆಯೆಂದು ಭಾವಿಸಿ ಇದನ್ನು ‘ಫೈಬ್ರೋಸೈಟಿಸ್’ ಎಂದು ಕರೆದರು. ಮುಂದೆ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದಾಗ ಅಂಥ ಉರಿಯೂತ ಕಂಡುಬರಲಿಲ್ಲ. ಆದ್ದರಿಂದ 1976ರಲ್ಲಿ ಈಗಿನ ಹೆಸರು ಬಳಕೆಗೆ ಬಂದಿತು. ನೋವಿರುವ ಜಾಗದಲ್ಲಿಯೇ ದೋಷವಿರಬೇಕೆಂಬ ನಂಬಿಕೆಯಿಂದ ವೈದ್ಯಶಾಸ್ತ್ರ ಹೊರಬರಲು ಹೀಗೆ ಬಹುಕಾಲ ಹಿಡಿಯಿತು.

ನೋವು ಎಲ್ಲಿ ಹುಟ್ಟುತ್ತದೆ?

ಚರ್ಮ, ಸ್ನಾಯು ಮತ್ತು ಕೀಲುಗಳಿಂದ ಹೊರಟ ಸಂದೇಶಗಳು ನರಗಳ ಮೂಲಕ ಬೆನ್ನುಹುರಿಯನ್ನು ಸೇರಿ ಅಲ್ಲಿಂದ ಮಿದುಳಿಗೆ ಹೋಗುತ್ತವೆ. ದಾರಿಯಲ್ಲಿ ಅವುಗಳನ್ನು ತಗ್ಗಿಸುವ ಅಥವಾ ಹೆಚ್ಚಿಸುವ ವ್ಯವಸ್ಥೆ ದೇಹದಲ್ಲಿಯೇ ಇದೆ. ರೇಡಿಯೋದ ಧ್ವನಿಯನ್ನು ಏರಿಳಿಸುವ ತಿರುಗುಣಿಗೆ ಇದನ್ನು ಹೋಲಿಸಬಹುದು. ಫೈಬ್ರೋಮಯಾಲ್ಜಿಯಾದಲ್ಲಿ ಆ ತಿರುಗುಣಿ ಮೇಲಿನ ಮಟ್ಟದಲ್ಲಿಯೇ ಸಿಕ್ಕಿಕೊಂಡಂತಿರುತ್ತದೆ. ಇತರರಿಗೆ ಬರಿಯ ಒತ್ತಡವೆನಿಸುವುದು ಈ ರೋಗಿಗಳಿಗೆ ನೋವಾಗುತ್ತದೆ.

ಇದು ಬರಿಯ ಊಹೆಯಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತುತ್ತ, ಅದೇ ವೇಳೆಗೆ ಮಿದುಳಿನ ಚಟುವಟಿಕೆಯನ್ನು ಎಂ.ಆರ್.ಐ. ಯಂತ್ರದಿಂದ ಗಮನಿಸಿದರು. ರೋಗಿಗಳಲ್ಲಿ ಕಂಡಷ್ಟೇ ನೋವು ಆರೋಗ್ಯವಂತರಲ್ಲಿ ಉಂಟಾಗಲು ಒಂದೂವರೆ ಪಟ್ಟಿಗೂ ಮೀರಿದ ಒತ್ತಡ ಬೇಕಾಯಿತು. ನೋವಿಗೆ ಸ್ಪಂದಿಸುವ ಮಿದುಳಿನ ಭಾಗಗಳು ರೋಗಿಗಳಲ್ಲಿ ಕಡಿಮೆ ಒತ್ತಡಕ್ಕೇ ಚುರುಕಾಗಿದ್ದವು. ನೋವಿನ ನಟನೆಯೆಂದು ಹೀಗಳೆಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಿದ್ರೆಯ ಪಾತ್ರವೂ ದೊಡ್ಡದು. 1975ರಲ್ಲಿ ಕೆನಡಾದ ವೈದ್ಯ ಹಾರ್ವೆ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರ ಗಾಢನಿದ್ರೆಗೆ ಶಬ್ದದಿಂದ ಅಡ್ಡಿಪಡಿಸಿದಾಗ, ಕೆಲವು ರಾತ್ರಿಗಳಲ್ಲಿಯೇ ಅವರಿಗೆ ಮೈಕೈ ನೋವು ಮತ್ತು ದಣಿವು ಕಾಣಿಸಿಕೊಂಡಿತು. ನೋವಿನಿಂದ ನಿದ್ರೆ ಕೆಡುವುದಷ್ಟೇ ಅಲ್ಲ, ಕೆಟ್ಟ ನಿದ್ರೆಯಿಂದಲೂ ನೋವು ಹೆಚ್ಚುತ್ತದೆ.

ಬೇರೆ ಕಾರಣಗಳನ್ನು ನೋಡಬೇಕು

ಮೈಯೆಲ್ಲ ನೋವೆಂದ ಮಾತ್ರಕ್ಕೆ ಅದನ್ನು ಫೈಬ್ರೋಮಯಾಲ್ಜಿಯಾ ಎಂದು ತೀರ್ಮಾನಿಸಲಾಗದು. ಈ ಪ್ರದೇಶದಲ್ಲಿ ಇದೇ ಬಗೆಯ ನೋವನ್ನು ಕೊಡುವ, ಆದರೆ ಬೇರೆಯೇ ಚಿಕಿತ್ಸೆ ಬೇಡುವ ಕಾರಣಗಳು ಹಲವಿವೆ. ಬಿಸಿಲಿಗೆ ಬರವಿಲ್ಲದ ಈ ನಾಡಿನಲ್ಲಿಯೂ ವಿಟಮಿನ್ ಡಿ ಕೊರತೆ ಸಾಮಾನ್ಯ; ಕೊರತೆ ತೀವ್ರವಾದಾಗ ಮೂಳೆಗಳು ಮೆದುವಾಗಿ ನೋಯುತ್ತವೆ, ನೆಲದಿಂದ ಎದ್ದು ನಿಲ್ಲಲು ತೊಡೆಗಳಲ್ಲಿ ಬಲವಿರುವುದಿಲ್ಲ. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದರೂ ನೋವು, ದಣಿವು ಎರಡೂ ಬರುತ್ತವೆ. ಹೈದರಾಬಾದಿಗೆ ಸಮೀಪದ ನಲ್ಗೊಂಡ ಜಿಲ್ಲೆಯಲ್ಲಿ, ಹಾಗೆಯೇ ಕರ್ನಾಟಕದ ಪಾವಗಡ, ಕೊಪ್ಪಳ, ರಾಯಚೂರು ಮೊದಲಾದ ಕಡೆಗಳಲ್ಲಿ ಅಂತರ್ಜಲದ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವ ಊರುಗಳಿವೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಕುತ್ತಿಗೆಗಳು ನೋಯುತ್ತ ಕ್ರಮೇಣ ಬಿಗಿಯುತ್ತವೆ. 2006ರಲ್ಲಿ ಚಿಕೂನ್‌ಗುನ್ಯಾ ಜ್ವರ ಕರ್ನಾಟಕದಲ್ಲಿಯೂ ಅಂದಿನ ಆಂಧ್ರಪ್ರದೇಶದಲ್ಲಿಯೂ ಹರಡಿದಾಗ, ಜ್ವರ ಬಿಟ್ಟ ತಿಂಗಳುಗಳ ಮೇಲೂ ಅನೇಕರ ಕೀಲುನೋವು ಉಳಿದಿದ್ದುದು ಜನರ ನೆನಪಿನಲ್ಲಿದೆ.

ಆದುದರಿಂದ ರಕ್ತಕಣಗಳ ಎಣಿಕೆ, ಇ.ಎಸ್.ಆರ್., ಥೈರಾಯ್ಡ್, ಅಗತ್ಯವೆನಿಸಿದರೆ ವಿಟಮಿನ್ ಡಿ, ಇಷ್ಟು ಪರೀಕ್ಷೆಗಳನ್ನು ವೈದ್ಯರು ಸಾಮಾನ್ಯವಾಗಿ ಮಾಡಿಸುತ್ತಾರೆ. ಇವು ಸರಿಯಾಗಿದ್ದು, ಸೊಂಟದ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮೂರು ತಿಂಗಳಿಗೂ ಮೀರಿ ನೋವಿದ್ದು, ಅದರೊಂದಿಗೆ ದಣಿವು, ಚೈತನ್ಯ ತಾರದ ನಿದ್ರೆ, ಮರೆವು ಇದ್ದರೆ ರೋಗವನ್ನು ಗುರುತಿಸಬಹುದು. 1990ರ ನಿಯಮದಂತೆ ದೇಹದ 18 ಬಿಂದುಗಳನ್ನು ಒತ್ತಿ, ಕನಿಷ್ಠ 11ರಲ್ಲಿ ನೋವಿದೆಯೇ ಎಂದು ನೋಡಲಾಗುತ್ತಿತ್ತು. 2010ರ ಅನಂತರದ ನಿಯಮಗಳಲ್ಲಿ ಆ ಎಣಿಕೆ ಕಡ್ಡಾಯವಲ್ಲ. ರೋಗಿಯ ಮಾತಿಗೆ ಹೆಚ್ಚಿನ ಬೆಲೆ ಬಂದಿದೆ. ರೋಗ ಖಚಿತವಾದ ಮೇಲೆ ಮತ್ತೊಂದು ಸ್ಕ್ಯಾನಿಗಾಗಿ ಒಡವೆ ಅಡವಿಡುವುದು ಬೇಕಾಗಿಲ್ಲ.

ಉಪಶಮನದ ಮಾರ್ಗ

ಇದನ್ನು ಬೇರುಸಹಿತ ಕೀಳುವ ಔಷಧಿ ಇಲ್ಲ. ಅಂಥ ಭರವಸೆ ನೀಡುವ ಜಾಹೀರಾತುಗಳನ್ನು ನಂಬಬಾರದು. ಆದರೆ ಈ ರೋಗದಿಂದ ಕೀಲು ಸವೆಯುವುದಿಲ್ಲ, ಅಂಗ ಊನವಾಗುವುದಿಲ್ಲ. ಉರಿಯೂತವಿಲ್ಲದ ಕಾರಣ ಸ್ಟಿರಾಯ್ಡುಗಳಿಂದ ಪ್ರಯೋಜನವಿಲ್ಲ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಂದಲೂ ಹೆಚ್ಚಿನ ಗುಣ ಕಾಣದು. ವೈದ್ಯರನ್ನು ಕೇಳದೆ ಇವನ್ನು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಾಬಲಿನ್ ಇವುಗಳಲ್ಲಿ ಒಂದನ್ನು ವೈದ್ಯರು ಅಲ್ಪ ಪ್ರಮಾಣದಲ್ಲಿ ಆರಂಭಿಸಬಹುದು. ಇವುಗಳಲ್ಲಿ ಕೆಲವು ಖಿನ್ನತೆಗೂ ಕೊಡುವ ಔಷಧಿಗಳೆಂದು ತಿಳಿದು ‘ತಲೆ ಕೆಟ್ಟವರ ಮಾತ್ರೆ’ ಎಂದು ಎಸೆದವರುಂಟು. ಇಲ್ಲಿ ಅವನ್ನು ಕೊಡುವುದು ನೋವಿನ ಸಂದೇಶ ತಗ್ಗಲೆಂದು. ಎಲ್ಲರಿಗೂ ಅವು ಒಗ್ಗುವುದಿಲ್ಲ. ಒಗ್ಗಿದವರಲ್ಲಿಯೂ ನೋವು ಪೂರ್ತಿ ಹೋಗುವುದು ಅಪರೂಪ.

ಯುರೋಪಿನ ಸಂಧಿವಾತ ತಜ್ಞರು 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ನೋಯುವ ದೇಹಕ್ಕೆ ವಿಶ್ರಾಂತಿ ಬೇಕೆಂಬುದು ಎಲ್ಲರ ತಿಳಿವಳಿಕೆ, ಆದರೆ ಇಲ್ಲಿ ಹೆಚ್ಚು ವಿಶ್ರಾಂತಿಯಿಂದ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಹಾಗೆಂದು ಮೊದಲ ದಿನವೇ ಹುಸೇನ್ ಸಾಗರವನ್ನು ಸುತ್ತಿ ಬರುವ ಉತ್ಸಾಹವೂ ಬೇಡ. ಐದು ನಿಮಿಷದ ನಡಿಗೆಯಿಂದ ಆರಂಭಿಸಿ ವಾರ ಎರಡು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಮೊದಮೊದಲು ನೋವು ತುಸು ಏರಬಹುದು, ಅದರಿಂದ ಹಾನಿಯಿಲ್ಲ. ಸುಲಭವಾದ ಯೋಗಾಸನಗಳು, ಬಿಸಿನೀರಿನ ಸ್ನಾನ ಹಿತವೆನಿಸಿದರೆ ಮುಂದುವರಿಸಬಹುದು. ಮಲಗುವ, ಏಳುವ ವೇಳೆ ನಿಶ್ಚಿತವಾಗಿರಲಿ. ಸಂಜೆಯ ಮೇಲೆ ಚಹಾ ಬೇಡ.

ಅನೇಕರು ನೋವು ಕಡಿಮೆಯಿರುವ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಲು ಹೋಗಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಹತ್ತು ಜನರ ಮನೆಯಲ್ಲಿ ಒಬ್ಬಳೇ ಹೆಂಗಸು ಕುಳಿತಲ್ಲಿಂದ ಏಳದೆ ಜೋಳದ ರೊಟ್ಟಿ ಬಡಿಯಬೇಕಾದಾಗ ಭುಜ ಸೋಲದಿರುವುದು ಹೇಗೆ? ಹತ್ತು ರೊಟ್ಟಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ನೀರು ತರುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುವುದು ಇಲ್ಲಿ ಔಷಧಿಯಷ್ಟೇ ಮುಖ್ಯ. ಇದಕ್ಕೆ ಗಂಡಸರೂ ಅತ್ತೆಯಂದಿರೂ ಒಪ್ಪಬೇಕಾಗುತ್ತದೆ. ಆದಕಾರಣ ವೈದ್ಯರ ಬಳಿ ಹೋಗುವಾಗ ಮನೆಯವರೊಬ್ಬರು ಜೊತೆಗಿದ್ದು ರೋಗದ ವಿವರಣೆಯನ್ನು ನೇರವಾಗಿ ಕೇಳಿಸಿಕೊಳ್ಳುವುದು ಒಳಿತು.

ಫೈಬ್ರೋಮಯಾಲ್ಜಿಯಾ ಇದೆಯೆಂದು ಒಮ್ಮೆ ತಿಳಿದ ಮೇಲೆ ಪ್ರತಿಯೊಂದು ಹೊಸ ತೊಂದರೆಯನ್ನೂ ಅದರ ತಲೆಗೇ ಕಟ್ಟಬಾರದು. ಕೀಲು ಊದಿಕೊಂಡರೆ, ಜ್ವರ ಬಿಡದಿದ್ದರೆ, ತೂಕ ತಾನಾಗಿ ಇಳಿಯತೊಡಗಿದರೆ, ಕೈಕಾಲಿನ ಬಲ ಕುಂದಿದರೆ ತಡಮಾಡದೆ ಮತ್ತೆ ವೈದ್ಯರಿಗೆ ತೋರಿಸಬೇಕು.